ಒಳಗೆ ಹೋಗದ ಗ್ರೀಸು

ಚನ್ನಗಿರಿ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕೂತಿದ್ದ ಗಂಡ ಹೆಂಡತಿಯ ನಡುವೆ, ಹಳೇ ಜೀಪಿನ ಸ್ಪ್ರಿಂಗಿನಿಂದ ಬಿಚ್ಚಿದ ತುಕ್ಕು ಹಿಡಿದ ಪಿನ್ನೊಂದು ಪೇಪರಿನ ಮೇಲೆ ಬಿದ್ದಿತ್ತು. ಆತ ನಿಮಿಷಕ್ಕೊಮ್ಮೆ ಎದ್ದು ದಾವಣಗೆರೆ ಬಸ್ಸು ಬಂತೇ ಎಂದು ಇಣುಕುತ್ತಿದ್ದ.

“ಎರಡು ದಿನ ಡೀಸೆಲ್ ಬಿಟ್ಟು ನೆನೆಸಿದ್ರೂ ಅಲ್ಲಾಡ್ಲಿಲ್ಲ. ಗ್ಯಾಸಿನಾಗೆ ಕಾಯಿಸಿ ಬಡಿದ ಮೇಲೆ ಬಂತು. ಒಳಗೆ ಒಂದು ಚೂರೂ ಗ್ರೀಸ್ ಇರಲಿಲ್ಲ,” ಎಂದ ಆತ.

“ನಮ್ಮ ಅಪ್ಪಾಜಿ ತಿಂಗಳಿಗೊಮ್ಮೆ ಗ್ರೀಸ್ ಹೊಡೀತಾರಲ್ಲ.”

“ಹೊಡೀತಾರೆ.”

“‘ಹೊಡೆದ ನೆನಪೈತೆ, ಒಳಗೆ ನೋಡಿದ್ರೆ ಇಲ್ಲ, ನಂಗೆ ಅರಳು ಮರಳು’ ಅಂತ ನಿನ್ನೆ ಜೀಪಿನ ಕೀ ನನ್ನ ಕೈಗೆ ಕೊಟ್ರು. ಇನ್ನು ಜೀಪು ಮುಟ್ಟಲ್ಲಂತೆ.”

ಆತ ಮತ್ತೆ ಎದ್ದ. ಈ ಸಲ ರಸ್ತೆ ನೋಡಲಿಲ್ಲ.

“ಆಯುಧ ಪೂಜೆಗೆ ನಾನು ಜೀಪಿನ ಅಡಿಭಾಗಕ್ಕೆಲ್ಲ ಬಣ್ಣ ಬಳಿದ್ನಲ್ಲ, ಗ್ರೀಸ್ ಹೋಗೋ ತೂತೂ ಮುಚ್ಕಂಡೈತೆ. ಮಾವ ಹೊಡೆದಿದ್ದೆಲ್ಲ ಹೊರಗೇ ಬಂದೈತೆ. ಅವರಿಗೆ ಕಣ್ಣು ಬೇರೆ ಮಂಜು.”

“ಯಾವಾಗ ಗೊತ್ತಾತು?”

“ಮೊನ್ನೆ, ಪಿನ್ ಬಿಚ್ಚಿದಾಗ.”

“ನಿನ್ನೆ ಅವರು ಕೀ ಕೊಡೋವಾಗ ನೀವೂ ಅಲ್ಲೇ ಇದ್ರಿ.”

“ಹೊಸ ಪಿನ್ ಹಾಕಿದ ಮೇಲೆ ಹೇಳಾನ ಅಂತಿದ್ದೆ.”

ದಾವಣಗೆರೆ ಬಸ್ಸು ಬಂದು ನಿಂತಿತು. ಆಕೆ ಪಿನ್ನನ್ನು ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಅದೇ ಚೀಲದಿಂದ ಕೀ ತೆಗೆದು ಗಂಡನ ಅಂಗೈಗೆ ಇಟ್ಟಳು.

“ದಾವಣಗೆರೆಯಿಂದ ಹೊಸ ಪಿನ್ ನಾನು ತರ್ತೀನಿ. ನೀವು ಊರಿಗೆ ಹೋಗಿ, ಇದ್ದದ್ದು ಹೇಳಿ, ಇದನ್ನ ಅಪ್ಪಾಜಿ ಕೈಗೆ ಕೊಡ್ರಿ.”

ಆಕೆ ಹತ್ತಿದಳು, ಬಸ್ಸು ಹೊರಟಿತು. ಆತ ಕೀಯನ್ನು ಮುಷ್ಟಿಯಲ್ಲಿ ಹಿಡಿದು, ಊರಿಗೆ ವಾಪಸು ಹೋಗುವ ಬಸವಾಪಟ್ಟಣದ ಬಸ್ಸು ನಿಲ್ಲುವ ಕಡೆ ನಡೆದ.