ಬದಲಿ ಬರುವ ತನಕ

ದೋಣಿಯಿಂದ ಕೆಸರಿಗೆ ಜಿಗಿದ ಮುದುಕ ಅಂಬಿಗ ಖಾದರಸಾಬ ಹಗ್ಗವನ್ನು ಗೂಟಕ್ಕೆ ಕಟ್ಟದೆ ನೀರಿಗೇ ಎಸೆದು, ಮಳೆಯಿಂದ ತಪ್ಪಿಸಿಕೊಂಡು ಗುಡಿಸಲೊಳಗೆ ನುಗ್ಗಿದ. ವರದಾ ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ದೋಣಿ ಮಾತ್ರ ಇದ್ದಲ್ಲೇ ನಿಂತಿತ್ತು. ಅದನ್ನೇ ನೋಡುತ್ತಿದ್ದ ಮಾಳಪ್ಪ ಫೌಜಿಗೆ ಆಯ್ಕೆಯಾಗಿ ತರಬೇತಿಗೆ ಹೊರಟವನು. ಈ ಸಂಜೆ ಹೊಳೆ ದಾಟಿ ಶಿಗ್ಗಾಂವದ ಬಸ್ಸು ಹಿಡಿಯದಿದ್ದರೆ ಹಾಜರಿ ತಪ್ಪಿ ನೌಕರಿಯೇ ಹೋಗುತ್ತಿತ್ತು.

"ಕಟ್ಟಲೇ ಇಲ್ಲಲ್ಲೋ ಖಾದರಣ್ಣಾ," ಅಂದಳು ಮಾಳಪ್ಪನನ್ನು ಕಳಿಸಲು ಬಂದ ಅವನ ಅವ್ವ ಅಡಿವೆವ್ವ. "ದೋಣಿ ಹರಕೊಂಡು ಹೋದರ ನನ್ನ ಮಗಾ ಟ್ರಂಕು ಹೊತ್ಕೊಂಡು ಈಸಬೇಕೇನು?"

"ಹೋಗೂದಿಲ್ಲ ಯಕ್ಕಾ. ಅಂವ ಹಿಡಕೊಂಡಾನ."

ಮುದುಕ ಬೀಡಿ ಹಚ್ಚಿದ. ಗುಡಿಸಲಲ್ಲಿದ್ದ ಸಂತೆಯವರು ಹತ್ತಿರ ಸರಿದರು.

"ಎಪ್ಪತ್ತಾರನೇ ಇಸವಿ... ಆಗ ನಾನೂ ಫೌಜಿನಾಗ ಸೇತುವಿ ಕಟ್ಟಾವ. ನಾಕು ದೇಶದವರು ಕೂಡಿ ಇದ ಹೊಳಿ ಮ್ಯಾಲ ದೋಣಿ ಸಾಲು ಹಚ್ಚಿ ಸೇತುವಿ ಕಟ್ಟೂದು ಕಲಿಯಾಕ ಬಂದಿದ್ವಿ. ಒಬ್ಬರ ಮಾತು ಒಬ್ಬರಿಗೆ ತಿಳೀತಿತ್ತೇನು? ಕೈಸನ್ನಿ, ಸೀಟಿ... ಅಷ್ಟ. ಪರದೇಶದವರಾಗ ಒಬ್ಬ ಹೊಸಾ ಹುಡುಗ, ಈ ಮಾಳಪ್ಪನ ವಯಸ್ಸು, ಬೂಟಿನ ಹೊಳಪು ಇನ್ನಾ ಹೋಗಿರಲಿಲ್ಲ. ಅವನ ಹೆಸರು ನಮ್ಮ ನಾಲಿಗಿಗೆ ಹೊಳ್ಳಲಿಲ್ಲ, ಫಕ್ಕೀರಪ್ಪ ಅಂತ ಕರದ್ವಿ. ಓ ಅಂತಿದ್ದ. ರೊಟ್ಟಿ ಕೊಟ್ಟರ ಎರಡೂ ಕೈಲೆ ಇಸ್ಕೊಂತಿದ್ದ... ಹಗ್ಗ ಹಿಡದಾಂವ ಬದಲಿ ಮನಷ್ಯಾ ಬಂದು ತಗೊಳ್ಳೂತನಕ ಬಿಡಬಾರದು, ಯಾವ ದೇಶದಾಗಾದ್ರೂ ಮೊದಲ ಕಲಿಸೂದು ಅದ. ಆವತ್ತು ಮ್ಯಾಲಿನ ಮಳಿ ನೀರು ಒಮ್ಮೆಲೇ ಬಂತು. ಬಿಡ್ರಿ ಅಂತ ಸೀಟಿ ಆತು, ಎಲ್ಲಾರೂ ಬಿಟ್ಟು ದಡಕ್ಕ ಓಡಿದ್ವಿ. ನೀರಿನ ಸಪ್ಪಳದಾಗ ಅವಗ ಕೇಳಿಸಲಿಲ್ಲೋ ಏನೋ... ನಮ್ಮ ಕಡೆ ನೋಡಿ ನಕ್ಕ, ಬದಲಿ ಎಲ್ಲಿ ಅನ್ನಾವರಂಗ. ಹೆಣ ಅವರ ದೇಶಕ್ಕ ಹೋತು. ಅಂವ ಹೋದನೇನು? ನಾ ಎಸೆದ ಹಗ್ಗ ಹಿಡಿತಾನ, ಎಳದರ ಬಿಡ್ತಾನ. ನನ್ನಂಥಾ ಮುದುಕರ ಕಡೆ ಏನೂ ಬೇಡೂದಿಲ್ಲ. ಹೊಸದಾಗಿ ಫೌಜಿಗೆ ಸೇರಿದಾಂವ ಬಂದರ ಮಾತ್ರ, ಬದಲಿ ಬಂತು ಅಂತ..."

ಬೀಡಿ ಆರಿತು. ಮಳೆಯೂ ಸಣ್ಣಗಾಯಿತು.

ಮಾಳಪ್ಪ ಟ್ರಂಕು ಇಳಿಸಿ ದೋಣಿಯಲ್ಲಿ ನಿಂತ. ಖಾದರಸಾಬ ಹಗ್ಗ ಎಳೆದ, ಬರಲಿಲ್ಲ. ಹೊಳೆಯ ಸದ್ದು ನಿದ್ದೆಯಲ್ಲಿ ಕೇಳಿದಂತೆ ದೂರವಾಯಿತು. ನೀರೊಳಗಿನ ತುದಿ ನಿಧಾನ ಮೇಲೆದ್ದು ಹುಡುಗನ ಕಡೆ ತಿರುಗಿ, ಅವನ ಎದೆಯ ಮಟ್ಟಕ್ಕೆ ಬಂದು ನಿಂತಿತು. ಅಷ್ಟು ನೀರಿನಿಂದ ಬಂದರೂ ಅದು ಒಣಗಿತ್ತು. ಅವಸರವಿಲ್ಲದೆ, ಮರ್ಯಾದೆಯಿಂದ ಕಾಯುತ್ತಿತ್ತು. ಮಾಳಪ್ಪನ ಕೈಗಳು ತಾವಾಗಿಯೇ ಅರ್ಧಕ್ಕೆ ಎದ್ದಿದ್ದವು.

"ತಗೋ ತಮ್ಮಾ," ಅಂದ ಖಾದರಸಾಬ ಮೆಲ್ಲಗೆ. "ನೀ ತಗೊಳ್ಳೂತನಕ ದೋಣಿ ಹೊಂಡೂದಿಲ್ಲ. ಪಾಪ, ಅವನ ಕೈ ಸೋತಾವ."

ದಡದಲ್ಲಿ ಅಡಿವೆವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಆಚೆ ದಡದ ರಸ್ತೆಯಲ್ಲಿ ಬಸ್ಸಿನ ದೀಪ ಹತ್ತಿತು. ಮಾಳಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

"ನಾ ಹಿಡಿಯೂದಿಲ್ಲ," ಅಂದ.