ಅರವತ್ತೆರಡನೇ ನಂಬರಿನ ಹಾಜರಿ

ನಾನು, ವಯಸ್ಸು 44, ಉದ್ಯೋಗ ಶಾಲಾ ಸಮವಸ್ತ್ರ ಹೊಲಿಯುವುದು, ವಾಸ ಬಸ್ ಡಿಪೋದ ಹಿಂದಿನ ಸಾಲು, ಎರಡನೇ ಮಹಡಿ, ಇಂದು ಬೆಳಿಗ್ಗೆ 9.15ಕ್ಕೆ ಇದೇ ಠಾಣೆಯಲ್ಲಿ ಕೊಟ್ಟ ಹೇಳಿಕೆಯನ್ನು ತಿದ್ದಿ ಈ ಮೂಲಕ ತಿಳಿಸುವುದೇನೆಂದರೆ:

ಕಾಣೆಯಾದವಳು ನನ್ನ ಗೆಳತಿ. ವಯಸ್ಸು 43, ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ. ಎತ್ತರ ನಾಲ್ಕು ಅಡಿ ಹತ್ತು ಅಂಗುಲ, ಹಾಗಾಗಿ ಮೂರನೇ ಕ್ಲಾಸಿನಿಂದಲೂ ನನಗವಳು ಚೋಟು. ಉಬ್ಬಸದ ಕಾಯಿಲೆ ಇದೆ. ನಾವು ಹದಿನಾರನೇ ವಯಸ್ಸಿನಿಂದ ಕೇಳುತ್ತ ಬಂದ ಗಾಯಕಿಯ ಕೊನೆಯ ಕಾರ್ಯಕ್ರಮಕ್ಕೆ ಇಂದು ಬೆಳಿಗ್ಗೆ 8ರಿಂದ ಕ್ರೀಡಾಂಗಣದಲ್ಲಿ ಟಿಕೆಟ್ ಕೊಡುವುದಿತ್ತು, ಒಬ್ಬರಿಗೆ ಒಂದೇ. ನಿನ್ನೆ ರಾತ್ರಿ 8.30ಕ್ಕೆ ಚಾಪೆ, ಎರಡು ಶಾಲು, ಒಂದು ಫ್ಲಾಸ್ಕ್ ಟೀ ಸಮೇತ ಹೋದೆವು. ಈ ವಯಸ್ಸಿನಲ್ಲಿ ಬೀದಿಯಲ್ಲಿ ಮಲಗುವ ಹುಚ್ಚೇನೆಂದು ಅವಳ ಅಣ್ಣ ಬೈದಿದ್ದರು. ಹುಚ್ಚು ನನ್ನದು. ಅವಳು ಬಂದದ್ದು ನನ್ನ ಕಾಟ ತಾಳಲಾರದೆ.

ಸರದಿಯವರೇ ಒಂದು ಪುಸ್ತಕ ಮಾಡಿಕೊಂಡಿದ್ದರು. ಕ್ಯಾಪು ಹಾಕಿದ್ದ ಮೆಕ್ಯಾನಿಕ್ ಒಬ್ಬರು ಎರಡು ಗಂಟೆಗೊಮ್ಮೆ ನಂಬರು ಕೂಗುವರು. ಮೂರು ಸಲ ಕೂಗಿದರೂ ಉತ್ತರ ಬರದಿದ್ದರೆ ಆ ನಂಬರು ಹೊಡೆದುಹಾಕುವರು. ನನ್ನದು 61, ಚೋಟುವಿನದು 62.

ರಾತ್ರಿ 1.40ಕ್ಕೆ ಅವಳಿಗೆ ಕೆಮ್ಮು ಬಂತು. ಉಬ್ಬಸದ ಪಂಪು ನಾವು ಬಂದಿದ್ದ ಸ್ಕೂಟರಿನಲ್ಲಿ ಉಳಿದಿತ್ತು. ಸ್ಕೂಟರ್ ಇದ್ದದ್ದು ಈಜುಕೊಳದ ಹಿಂದೆ: ರಸ್ತೆಯಲ್ಲಿ ಹೋದರೆ ಐನೂರು ಮೀಟರ್, ಕಟ್ಟಡ ಕಟ್ಟುತ್ತಿರುವ ಜಾಗದೊಳಗಿಂದ ಹೋದರೆ ಇನ್ನೂರು. ಅಲ್ಲಿ ಪಾಯಕ್ಕೆ ಗುಂಡಿ ತೋಡಿದ್ದಾರೆ. ತಡವಾದರೆ ತನ್ನ ನಂಬರಿಗೂ ನಾನೇ ಕೂಗಬೇಕೆಂದು ಹೇಳಿ ಆ ಒಳದಾರಿಯ ಗೇಟಿನ ಕಡೆ ಹೋದಳು. ಅವಳ ಫೋನು ನನ್ನ ಹತ್ತಿರ ಚಾರ್ಜಿಗಿತ್ತು.

2 ಗಂಟೆಗೆ ನಾನು ತಲೆಗೆ ಶಾಲು ಹೊದ್ದು, ದನಿ ಸಣ್ಣ ಮಾಡಿ, 62ಕ್ಕೆ "ಇದ್ದೀನಿ" ಎಂದೆ. ಹಿಂದೆ ಕೂತಿದ್ದ ನರ್ಸ್ ನಕ್ಕರು. ನಾನೂ ನಕ್ಕೆ.

2.40ಕ್ಕೆ ಎದ್ದು ರಸ್ತೆಯಲ್ಲಿ ಅರ್ಧ ದಾರಿ ಹೋದೆ. ಸರದಿ ಮುಂದೆ ಸರಿಯುತ್ತಿದೆಯೆಂದು ಯಾರೋ ಕೂಗಿದರು, ಓಡಿ ವಾಪಸ್ ಬಂದೆ. ಸರದಿ ಸರಿದಿರಲಿಲ್ಲ. ಆಮೇಲೆ ಕೂತೆ, ಎದ್ದೆ, ಮತ್ತೆ ಕೂತೆ. ನನ್ನ ಮೇಲೆ ಸಿಟ್ಟಾಗಿ ಆಟೋ ಹಿಡಿದು ಮನೆಗೆ ಹೋಗಿರುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡೆ. 4ಕ್ಕೂ 6ಕ್ಕೂ ಅವಳ ಹಾಜರಿ ನಾನೇ ಕೂಗಿದೆ.

8.35ಕ್ಕೆ ನನಗೆ ಟಿಕೆಟ್ ಸಿಕ್ಕಿತು. 8.45ಕ್ಕೆ ನೋಡಿದಾಗ ಸ್ಕೂಟರ್ ಅಲ್ಲೇ ಇತ್ತು, ಪಂಪು ಮುಂದಿನ ಚೀಲದಲ್ಲೇ ಇತ್ತು. ಅವಳ ಅಣ್ಣನಿಗೆ ಫೋನು ಮಾಡಿ ಠಾಣೆಗೆ ಬಂದೆ.

ಸರದಿ ಪುಸ್ತಕ ತರಿಸಿದ ಪೇದೆಯವರು 6 ಗಂಟೆಗೂ ಇದ್ದಳೇ ಎಂದು ಕೇಳಿದರು. ಮೆಕ್ಯಾನಿಕ್ ಪಕ್ಕದಲ್ಲೇ ನಿಂತಿದ್ದರು. ಟಿಕೆಟ್ ಕಿತ್ತುಕೊಂಡಾರು ಎಂಬ ಹೆದರಿಕೆಗೆ ಹೂಂ ಎಂದೆ. ಇದಕ್ಕಿಂತ ನಾಚಿಕೆಗೇಡು ನಾನು ಮಾಡಿಲ್ಲ. ಕಟ್ಟಡದ ಕಾವಲುಗಾರ, 3 ಗಂಟೆಯವರೆಗೆ ತಾನು ನಿದ್ದೆ ಹೋಗಿದ್ದೆ, ಆಮೇಲೆ ಎದ್ದು ಗೇಟಿಗೆ ಬೀಗ ಹಾಕಿದೆ, ಅಲ್ಲಿಂದೀಚೆಗೆ ನರಪಿಳ್ಳೆಯೂ ಒಳಗೆ ಬಂದಿಲ್ಲ ಎಂದ. 6ಕ್ಕೆ ಸರದಿಯಲ್ಲಿದ್ದವಳು ಅಲ್ಲಿರಲಾರಳೆಂದು ಒಳಗೆ ಯಾರೂ ಹುಡುಕಲಿಲ್ಲ. ಎಲ್ಲರೂ ಬಸ್ ನಿಲ್ದಾಣದ ಕಡೆ ಹೋದರು.

11.10ಕ್ಕೆ ಅವಳ ಅಣ್ಣ ನನಗೆ ನೀರು ತಂದುಕೊಟ್ಟು, "ನೀನೂ ರಾತ್ರಿಯೆಲ್ಲ ನಿದ್ದೆಗೆಟ್ಟಿದೀಯಮ್ಮ, ಸ್ವಲ್ಪ ಒರಗಿಕೋ" ಅಂದರು. ನೀರಿನ ಲೋಟ ಅಲ್ಲೇ ಇಟ್ಟೆ. ಎದ್ದು ಬಂದು ಇದನ್ನು ಬರೆಸುತ್ತಿದ್ದೇನೆ.

ಮೇಲೆ ಹೇಳಿದ್ದು ನಿಜ, ಬೆಳಿಗ್ಗೆ ಹೇಳಿದ್ದು ಸುಳ್ಳು. ಹೇಳಿಕೆಯನ್ನು ಓದಿ ಹೇಳಿದ ಮೇಲೆ ಸಹಿ ಹಾಕಿಸುವುದು ಕ್ರಮವೆಂದು ಬರೆದುಕೊಳ್ಳುವವರು ತಿಳಿಸಿದರು. ಓದುವುದು ಬೇಡ, ಸಹಿ ಹಾಕಿದ್ದೇನೆ. ಆ ಗೇಟಿನ ಬೀಗ ತೆಗೆಸಿ.

ಸ್ಥಳ: ಠಾಣೆ
ಶನಿವಾರ, ಬೆಳಿಗ್ಗೆ 11.32
(ಸಹಿ)