ಒಂದನೆಯ ಗೇರು

ದೀಪ ಸಣ್ಣದು ಮಾಡಿ, ಪೂರ್ತಿ ಆರಿಸಬೇಡಿ. ಇದು ನನ್ನ ಸೋದರಮಾವನ ಮಗ ಸಿದ್ದಾರೂಢನಿಗೆ ಆದದ್ದು. ಕೊನೆಯ ಭಾಗವಂತೂ ನನಗೇ ಆದದ್ದು. ಇಂಥ ಕತೆಗಳನ್ನು ನಾನು ನಂಬುವವಳಲ್ಲ... ಅದಕ್ಕಾಗಿಯೇ ಹೇಳುತ್ತಿದ್ದೇನೆ.

೧೯೯೮ರ ಚಳಿಗಾಲ. ಕಾಲೇಜಿನ ಪ್ರಯೋಗಾಲಯದ ಕೆಲಸ ಮುಗಿಸಿ ಶಿವಾಜಿನಗರದಿಂದ ಕೊನೆಯ ಬಸ್ಸಿಗೆ ಬಂದಿದ್ದೆ. ಬಿಬವೇವಾಡಿಯ ಸ್ಟಾಪಿನಲ್ಲಿ ಸಿದ್ದಾರೂಢ ಕಾಯುತ್ತಿದ್ದ. ನಾನಿದ್ದ ಸೋದರಮಾವನ ಮನೆಯ ದಾರಿಯಲ್ಲಿ ಒಂದು ಹಾಳುಬಾವಿ, ಅಲ್ಲಿಂದ ಏರು. ಬಾವಿಗೆ ಬೆನ್ನು ಮಾಡಿ, ಏರಿಗೆ ಮುಖ ಮಾಡಿ ಜಟ್ಟೆಪ್ಪಮಾವನ ಹಳೆಯ ವಿಲಾಯತಿ ಟ್ರಕ್ಕು ನಿಂತಿತ್ತು. ಮಾವ ತೀರಿಕೊಂಡು ಎರಡು ವರ್ಷವಾಗಿತ್ತು.

ಕಿಂ...ಯ್.

ಎಣ್ಣೆಯಿಲ್ಲದ ಕ್ಲಚ್ ಪೆಡಲ್ ಒತ್ತಿದ ಸದ್ದು. ಹಿಂದೆಯೇ, ಕಬ್ಬಿಣದ ಹಲ್ಲಿಗೆ ಹಲ್ಲು ಕೂತಂತೆ... ಟಕ್.

"ಯಾರದಾರ ಒಳಗ?"

"ಯಾರಿಲ್ಲ ಅಕ್ಕಾ. ಕೀಲಿ ನನ್ನ ಕಿಸೆದಾಗ ಅದ."

"ಮೆಕ್ಯಾನಿಕ್ ಹುಸೇನಪ್ಪನ ಹತ್ರ ಇನ್ನೊಂದು ಇರಬೇಕು."

"ಸಾವಕಾಶ ಮಾತಾಡು..."

ಟಾರ್ಚ್ ಬಿಟ್ಟು ನೋಡಿದೆವು. ಬಾಗಿಲು ಎರಡೂ ಬಂದ್. ಒಳಗೆ ಯಾರೂ ಇಲ್ಲ. ಗೇರಿನ ಹೊಸ ಹಿಡಿಕೆ ಮಾತ್ರ ಹಿಂದಕ್ಕೆ ಎಳೆದುಕೊಂಡಿತ್ತು.

"ರಿವರ್ಸ್," ಅಂದ ಸಿದ್ದಾರೂಢ. "ನಾ ನ್ಯೂಟ್ರಲ್‌ದಾಗ ಬಿಟ್ಟಿದ್ದೆ."

ಹೊಸ ಹಿಡಿಕೆ ಎಂದೆನಲ್ಲ, ಅದನ್ನು ವಿವರಿಸಬೇಕು. ಆ ಟ್ರಕ್ಕಿನಲ್ಲಿ ಗೇರಿನ ಹಿಡಿಕೆ ಮೊದಲು ನೆಲದ ಮೇಲಿರಲಿಲ್ಲ. ಸ್ಟೇರಿಂಗಿನ ಕಂಬದಿಂದ ಚಾಚಿಕೊಂಡಿತ್ತು. ಅದರ ಸಲಾಕೆಗಳು ಸವೆದು, ಹಿಂದಿನ ತಿಂಗಳು ದಿವೆ ಘಾಟಿನಲ್ಲಿ ಎರಡು ಗೇರು ಒಟ್ಟಿಗೆ ಸಿಕ್ಕಿಕೊಂಡು ಗಾಡಿ ನಿಂತುಬಿಟ್ಟಿತ್ತು. ಸೋಮವತಿ ಅಮಾವಾಸ್ಯೆಗೆ ವಿಜಾಪುರದ ಕಡೆಯ ಹನ್ನೆರಡು ಮಂದಿ ನೆಂಟರನ್ನು ಅದೇ ಘಾಟು ಹತ್ತಿಸಿ ಜೇಜುರಿಯ ಜಾತ್ರೆಗೆ ಒಯ್ಯಬೇಕಿತ್ತು. ಅದಕ್ಕೇ ಮೆಕ್ಯಾನಿಕ್ ಹುಸೇನಪ್ಪ ಕಂಬದ ಹಿಡಿಕೆ ತೆಗೆದು, ಗುಜರಿಯಿಂದ ತಂದದ್ದನ್ನು ನೆಲಕ್ಕೆ ಕೂರಿಸಿದ್ದ. ಸಿದ್ದಾರೂಢನ ತಾಯಿ, ಅತ್ತೆ ಶಿವಬಸವ್ವನಿಗೆ ಇದು ಬೇಡವಾಗಿತ್ತು. ತೆಗೆದ ಹಿಡಿಕೆಯನ್ನು ತೊಳೆದು, ಭಂಡಾರದ ಅರಿಸಿನ ಹಚ್ಚಿ ದೇವರ ಜಗುಲಿಯ ಮೇಲಿಟ್ಟುಕೊಂಡಿದ್ದಳು.

ಮರುದಿನ ಬೆಳಿಗ್ಗೆ ಸಿದ್ದಾರೂಢ ರಾತ್ರಿಯದನ್ನು ಮರೆತು, ಕ್ಲಚ್ ಒತ್ತಿ ಗಾಡಿ ಚಾಲೂ ಮಾಡಿ, ಕಾಲು ಬಿಟ್ಟ. ಟ್ರಕ್ಕು ಹಿಂದಕ್ಕೆ ಜಿಗಿಯಿತು. ಹಿಂದಿನ ಚಕ್ರ ಬಾವಿಯ ಕಟ್ಟೆಗೆ ಒಂದು ಗೇಣು ಇರುವಾಗ ನಿಂತಿತು.

ನನಗೆ ಸಂಶಯವಿದ್ದದ್ದು ಇಬ್ಬರ ಮೇಲೆ, ಹುಸೇನಪ್ಪ ಮತ್ತು ಅತ್ತೆ. ಹುಸೇನಪ್ಪನನ್ನೇ ಮೊದಲು ಕೇಳಿದೆ.

"ರಾತ್ರಿ ಬಂದು ಗೇರ್ ಹಾಕಿ ಹೋಗಾಕ ನನಗೇನು ನಿದ್ದಿ ಬ್ಯಾಡೇನ್ರೀ ಬಾಯಾರ?" ಅಂದ. "ದೆವ್ವ ಇದ್ರ ಕಳಸ್ರಿ, ಗ್ಯಾರೇಜಿನಾಗ ಮಂದಿ ಕಮ್ಮಿ ಅದಾರ."

ಆದರೂ ಅವನ ಬಳಿಯಿದ್ದ ಕೀಲಿ ಇಸಿದುಕೊಂಡೆ. ಸಿದ್ದಾರೂಢನದೂ ಸೇರಿಸಿ ಎರಡನ್ನೂ ನನ್ನ ತಲೆದಿಂಬಿನ ಕೆಳಗಿಟ್ಟೆ. ಅದಕ್ಕೂ ಮೊದಲು ಹಿಡಿಕೆಯನ್ನು ನ್ಯೂಟ್ರಲ್ಲಿಗೆ ತರಿಸಿ, ಕ್ಯಾಬಿನ್ನಿನ ನೆಲಕ್ಕೆ ಜೋಳದ ಹಿಟ್ಟನ್ನು ತೆಳ್ಳಗೆ ಜರಡಿ ಹಿಡಿದೆ. ಅತ್ತೆಯನ್ನು ನನ್ನ ಪಕ್ಕದಲ್ಲೇ ಮಲಗಿಸಿಕೊಂಡೆ.

"ನನ್ನ ಕಾವಲಿ ಕಾಯ್ತೀ ಏನ?" ಅಂದಳು ಅತ್ತೆ. ನಾನು ದೀಪ ಆರಿಸಿ ಅವಳ ಕೈ ಹಿಡಿದುಕೊಂಡು ಮಲಗಿದೆ.

ರಾತ್ರಿ ಎರಡು ಗಂಟೆ ದಾಟಿದ ಮೇಲೆ... ಕಿಂ...ಯ್. ಟಕ್. ಅತ್ತೆಯ ಕೈ ನನ್ನ ಕೈಯಲ್ಲೇ ಇತ್ತು.

ಬೆಳಿಗ್ಗೆ ಬೀಗ ನಾನೇ ತೆಗೆದೆ. ಹಿಟ್ಟಿನ ಮೇಲೆ ಒಂದು ಇರುವೆಯ ಗುರುತೂ ಇಲ್ಲ. ಹಿಡಿಕೆ ರಿವರ್ಸಿನಲ್ಲಿತ್ತು.

ಸಿದ್ದಾರೂಢ ಗಾಳಿಯಲ್ಲೇ ಹಿಡಿಕೆ ಎಳೆಯುವಂತೆ ಕೈ ಆಡಿಸಿ ನೋಡಿದ. ಆಮೇಲೆ ಪಿಸುಗುಟ್ಟಿದ. "ಅಪ್ಪ ಹ್ಯಾಂಡ್‌ಬ್ರೇಕ್ ನಂಬತಿದ್ದಿಲ್ಲ ಅಕ್ಕಾ. ಗಾಡಿ ಬಾವ್ಯಾಗ ಹೋದೀತಂತ ದಿನಾ ಒಂದನೇ ಗೇರಿನಾಗ ನಿಲ್ಲಸ್ತಿದ್ದ. ಹಳೇ ಹಿಡಿಕಿಗೆ ಒಂದನೇದು ಅಂದ್ರ... ತನ್ನ ಕಡೆ ಎಳದು, ಕೆಳಗ."

"ಹೊಸದಕ್ಕ?"

"ತನ್ನ ಕಡೆ ಎಳದ್ರ ರಿವರ್ಸ್. ಹುಸೇನಪ್ಪ ಕೂಡ್ಸಿದ್ದು ಉಲ್ಟಾ ಆಗೇದ."

ಅಂದರೆ ಯಾರೋ ಹಳೆಯ ರೂಢಿಯ ಕೈಯಿಂದಲೇ ಗೇರು ಹಾಕುತ್ತಿದ್ದರು. ಬದಲಾದದ್ದು ಅವರಿಗೆ ಗೊತ್ತಿರಲಿಲ್ಲ.

ನಾನು ಇದನ್ನು ಒಪ್ಪಲಿಲ್ಲ. ಆದರೆ ಹನ್ನೆರಡು ಜನರ ಜೀವದ ಪ್ರಶ್ನೆಯಿತ್ತು. ಅಂದೇ ಹುಸೇನಪ್ಪನಿಂದ ಹಿಡಿಕೆಯ ಬುಡದ ಕಬ್ಬಿಣದ ತೋಳನ್ನು ತಿರುಗಿಸಿ ಹಾಕಿಸಿದೆವು. ಈಗ ತನ್ನ ಕಡೆ ಎಳೆದರೆ ಒಂದನೆಯ ಗೇರು.

ಅಮಾವಾಸ್ಯೆಯ ದಿನ ಘಾಟಿನ ಅರ್ಧದಲ್ಲಿ ಎಂಜಿನ್ ಕಾದು ಹೊಗೆಯಾಡಿತು. ಸಿದ್ದಾರೂಢ ಆರಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಡಬ್ಬಿ ಹಿಡಿದು ನೀರಿಗೆ ಓಡಿದ. ಗಡಿಬಿಡಿಯಲ್ಲಿ ಗೇರು ಹಾಕಲಿಲ್ಲ. ಹಿಂದೆ ಅತ್ತೆ, ನೆಂಟರು, ಮಕ್ಕಳು. ಕ್ಯಾಬಿನ್ನಿನಲ್ಲಿ ನಾನೊಬ್ಬಳೇ, ಎಡಗಡೆಯ ಸೀಟಿನ ಮೇಲೆ ಕಾಲು ಮಡಚಿ ಕೂತಿದ್ದೆ.

ಕೆಳಗೆ ಎಲ್ಲೋ... ಡಣ್.

ಗಾಡಿ ಹಿಂದಕ್ಕೆ ಜಾರಿತು. ಹಿಂದೆ ತಿರುವು, ಅದರಾಚೆ ಬರೀ ಗಾಳಿ. ಹಿಂದಿನವರು ಕಿರುಚಿದರು. ನನಗೆ ಗಾಡಿ ನಡೆಸಲು ಬರುವುದಿಲ್ಲ.

ಕಿಂ...ಯ್.

ಟಕ್.

ಟ್ರಕ್ಕು ಒಮ್ಮೆ ನಡುಗಿ ನಿಂತಿತು.

ಸಿದ್ದಾರೂಢ ಓಡಿಬಂದ. "ಗೇರ್ ನೀ ಹಾಕಿದಿ?"

"ಇಲ್ಲ."

ಅವನು ಬಗ್ಗಿ ಗಾಡಿಯ ಕೆಳಗೆ ನೋಡಿದ. ಬ್ರೇಕಿನ ತಂತಿ ತುಂಡಾಗಿ ನೇತಾಡುತ್ತಿತ್ತು.

ಆಮೇಲೆ ಪ್ರತಿ ರಾತ್ರಿ ಅವನೇ ಒಂದನೆಯ ಗೇರಿನಲ್ಲಿ ನಿಲ್ಲಿಸತೊಡಗಿದ. ಸದ್ದು ನಿಂತಿತು. ನಾನು ಕಾರಣಗಳನ್ನು ಹುಡುಕಿದೆ: ಸವೆದ ಹಲ್ಲು, ಇಳಿಜಾರು, ಚಳಿಗೆ ಕುಗ್ಗುವ ಕಬ್ಬಿಣ. ಮೂರು ವರ್ಷ ಹುಡುಕಿದೆ. ೨೦೦೧ರ ಒಂದು ರಾತ್ರಿ, ಅತ್ತೆ, ಸಿದ್ದಾರೂಢ ಇಬ್ಬರೂ ಊರಿಗೆ ಹೋಗಿದ್ದಾಗ, ನಾನೊಬ್ಬಳೇ ಹೋಗಿ ಹಿಡಿಕೆಯನ್ನು ನ್ಯೂಟ್ರಲ್ಲಿಗೆ ತಂದೆ. ಅಪಾಯವಾಗಬಾರದೆಂದು ಹಿಂದಿನ ಚಕ್ರಗಳಿಗೆ ಎರಡು ಕಲ್ಲು ಕೊಟ್ಟೆ. ಬೀಗ ಹಾಕಿ ಬಂದು ಮಲಗಿದೆ. ಯಾವ ಸದ್ದೂ ಕೇಳಲಿಲ್ಲ. ಸಮಾಧಾನವಾಯಿತು, ನಿಜ.

ಬೆಳಿಗ್ಗೆ ಹೋಗಿ ನೋಡಿದೆ. ಹಿಡಿಕೆ ಒಂದನೆಯ ಗೇರಿನಲ್ಲಿತ್ತು.

ನೀವು ಏನಾದರೂ ಅನ್ನಿ. ನಾನು ಕಲ್ಲು ಎಣಿಸಿಯೇ ಇಟ್ಟವಳು... ಎರಡು. ಚಕ್ರದ ಹಿಂದೆ ಮೂರಿದ್ದವು.